ಪ್ರವಾಸಿ ವೀಸಾದಲ್ಲಿ ಹೋಗಿ ಜರ್ಮನಿಯಲ್ಲಿ ಕೆಲಸಕ್ಕೆ ಸೇರಬಹುದೇ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರ್, ಭಾರತದ ಪಾಸ್‌ಪೋರ್ಟ್ ಇದೆ. ಜರ್ಮನಿಯ ಕಂಪನಿಯೊಂದರಿಂದ ನೇಮಕಾತಿ ಪತ್ರ ಬಂದಿದೆ. ಕೆಲಸದ ವೀಸಾ ತಡವಾಗುತ್ತದೆ, ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿಯೇ ಬದಲಾಯಿಸಿಕೊಳ್ಳಿ ಎನ್ನುತ್ತಾರೆ ಏಜೆಂಟರು. ಇದು ಸರಿಯೇ? ಪತ್ನಿಯೂ ಅಲ್ಲಿ ಕೆಲಸ ಮಾಡಬಹುದೇ?

ಉತ್ತರ: ಹಾಗೆ ಹೊರಡಬೇಡಿ. ಏಜೆಂಟರು ಎಲ್ಲೋ ಅರ್ಧ ಕೇಳಿಸಿಕೊಂಡಿದ್ದಾರೆ. ಅಮೆರಿಕ, ಜಪಾನ್, ಆಸ್ಟ್ರೇಲಿಯಾದಂಥ ಕೆಲವೇ ದೇಶಗಳವರು ವೀಸಾ ಇಲ್ಲದೆ ಜರ್ಮನಿಗೆ ಹೋಗಿ ಅಲ್ಲಿಯೇ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಆ ಸವಲತ್ತು ನಮಗಿಲ್ಲ. ಜರ್ಮನಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ಪ್ರವಾಸಿ ವೀಸಾ 180 ದಿನಗಳಲ್ಲಿ ಗರಿಷ್ಠ 90 ದಿನಗಳ ಭೇಟಿಗೆ ಮಾತ್ರ. ಅದರಲ್ಲಿ ಹೋದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಮರಳಿ ಹೋಗಿ, ಸರಿಯಾದ ವೀಸಾ ಪಡೆದು ಬನ್ನಿ. ಉಳಿಸಿದೆವೆಂದುಕೊಂಡ ಸಮಯದ ಜೊತೆ ವಿಮಾನದ ದುಡ್ಡೂ ಹೋಗುತ್ತದೆ.

ನಿಮಗೆ ಹೊಂದುವುದು ಪದವೀಧರರಿಗೆ ಕೆಲಸ, ವಾಸಕ್ಕೆಂದು ಕೊಡುವ ‘ಬ್ಲೂ ಕಾರ್ಡ್’ ಪರವಾನಗಿ. ಊರಿನಲ್ಲಿರುವಾಗಲೇ ಎರಡು ವಿಷಯ ಖಚಿತಪಡಿಸಿಕೊಳ್ಳಿ. ಜರ್ಮನಿಯ ‘ಅನಾಬಿನ್’ ದತ್ತಾಂಶದಲ್ಲಿ ನಿಮ್ಮ ವಿಶ್ವವಿದ್ಯಾಲಯದ ಎದುರು ಮಾನ್ಯತೆ ಸೂಚಿಸುವ ‘ಎಚ್ ಪ್ಲಸ್’ ಗುರುತಿದೆಯೇ, ಪದವಿಗೆ ಮಾನ್ಯತೆ ಇದೆಯೇ ನೋಡಿ. ಇಲ್ಲದಿದ್ದರೆ ಪದವಿಯನ್ನು ಅಲ್ಲಿನ ಸಂಸ್ಥೆಯಿಂದ ಪ್ರತ್ಯೇಕವಾಗಿ ಮೌಲ್ಯಮಾಪನ ಮಾಡಿಸಬೇಕು. ಅರ್ಜಿ ಇಲ್ಲಿಯೇ ಮುಗ್ಗರಿಸಬಹುದು. ಇನ್ನೊಂದು ಸಂಬಳ. 2025ರಲ್ಲಿ ವಾರ್ಷಿಕ ಕನಿಷ್ಠ 48,300 ಯೂರೋ ಇತ್ತು, ಎಂಜಿನಿಯರಿಂಗ್‌ನಂಥ ಕೊರತೆಯ ವೃತ್ತಿಗಳಿಗೆ 43,759.80 ಯೂರೋ. ಈ ಮಿತಿ ಪ್ರತಿ ಜನವರಿಯಲ್ಲಿ ಬದಲಾಗುತ್ತದೆ. ಪತ್ರದಲ್ಲಿರುವ ಮೊತ್ತ ಅಂಚಿನಲ್ಲಿದ್ದರೆ ಕಂಪನಿಯೊಂದಿಗೆ ಈಗಲೇ ಮಾತನಾಡಿ.

ಅಲ್ಲಿಗೆ ಹೋದ ಮೇಲೆ ಮನೆಗೆ ಸೇರಿದ ಎರಡು ವಾರಗಳೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ದೃಢೀಕರಣ ಪತ್ರ ಬೇಕು. ಅದನ್ನು ಕೊಡಲೊಪ್ಪದ ಮನೆ ಎಷ್ಟೇ ಅಗ್ಗವಾಗಿದ್ದರೂ ಬೇಡ. ಊರಿನಲ್ಲೇ ಪಡೆದು ಹೋದ ಕೆಲಸದ ವೀಸಾದ ಅವಧಿ ಮುಗಿಯುವ ಮೊದಲೇ ವಿದೇಶಿಯರ ಕಚೇರಿಯಲ್ಲಿ ಬ್ಲೂ ಕಾರ್ಡ್‌ಗೆ ಅರ್ಜಿ ಹಾಕಿ. ಅವಧಿಯೊಳಗೆ ಅರ್ಜಿ ಹಾಕಿದ್ದರೆ, ನಿರ್ಧಾರ ಬರುವವರೆಗೆ ಆ ವೀಸಾ ಮುಂದುವರಿದಂತೆಯೇ ಲೆಕ್ಕ, ಕೆಲಸದ ಹಕ್ಕೂ ಸೇರಿ. ಇದಕ್ಕೆ ಕೊಡುವ ಕಾಗದದ ಹೆಸರು ‘ಫಿಕ್ಷನ್ಸ್‌ಬೆಶೈನಿಗುಂಗ್’. ಹೆಸರಿನಲ್ಲಿ ‘ಕಲ್ಪನೆ’ ಇದ್ದರೂ ಕಾಗದಕ್ಕೆ ನಿಜವಾದ ಬೆಲೆಯಿದೆ. ಒಂದು ದಿನ ತಡವಾದರೂ ಈ ರಕ್ಷಣೆ ಕೈತಪ್ಪಬಹುದು.

ಮೊದಲ 12 ತಿಂಗಳಲ್ಲಿ ಕಂಪನಿ ಬದಲಿಸುವುದಾದರೆ ಅದೇ ಕಚೇರಿಗೆ ತಿಳಿಸಲೇಬೇಕು. ಅವರು ಪರಿಶೀಲನೆಗಾಗಿ 30 ದಿನ ತಡೆಹಿಡಿಯಬಹುದು.

ಪತ್ನಿಯ ವಿಷಯದಲ್ಲಿ ಚಿಂತೆ ಬೇಡ. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ಜರ್ಮನ್ ಪರೀಕ್ಷೆಯ ಷರತ್ತಿಲ್ಲ, ಯಾವ ಕೆಲಸ ಬೇಕಾದರೂ ಮಾಡಬಹುದು. ಆದರೆ ನೀವಂತೂ ಭಾಷೆ ಕಲಿಯಿರಿ: ಕಾಯಂ ವಾಸದ ಅನುಮತಿಗೆ ಆರಂಭಿಕ ಮಟ್ಟದ ಜರ್ಮನ್ ಬಂದರೆ 27 ತಿಂಗಳು ಕಾಯಬೇಕು, ಮಧ್ಯಮ ಮಟ್ಟವಾದ ‘ಬಿ 1’ ತಲುಪಿದರೆ 21 ತಿಂಗಳು ಸಾಕು.