ಹೊತ್ತಿಗೆ ಬಂದ ಅವರೆಕಾಯಿ

ಈ ಸಲದ ಪತ್ರಗಳನ್ನು ಸಂಕ್ರಾಂತಿಗೆ ಮೊದಲಿನ ವಾರ ಅಡುಗೆಮನೆಯಲ್ಲೇ ಕುಳಿತು ಓದಿದೆ. ಪಕ್ಕದಲ್ಲಿ ಬಿಡಿಸಬೇಕಾದ ಎರಡು ಕಿಲೋ ಅವರೆಕಾಯಿ ಇತ್ತು. ಒಂದೆರಡು ಕಾಗದಗಳ ಅಂಚಿಗೆ ಸೊಗಡು ಹತ್ತಿದೆ; ಬರೆದವರು ಬೇಸರಪಡಬಾರದು. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ ಬೇರೆಯವರ ಪತ್ರಗಳನ್ನು ತೆರೆಯದೆ ವಿಂಗಡಿಸಿದವಳು ನಾನು. ಈಗ ತೆರೆದು ಓದುವ ಹಕ್ಕನ್ನು ನೀವೇ ಕೊಟ್ಟಿದ್ದೀರಿ. ಅದರ ಬೆಲೆ ನನಗೆ ಗೊತ್ತಿದೆ.

ಪ್ರಶ್ನೆ: ಅಮ್ಮಾ, ನನಗೆ 36 ವರ್ಷ. ಒಳ್ಳೆಯ ಕೆಲಸ, ಒಳ್ಳೆಯ ಗಂಡ, ಏಳು ವರ್ಷದ ಮಗಳು, ಸ್ವಂತ ಮನೆ. ವರ್ಷಕ್ಕೆ ಎರಡು ಸಲ ಪ್ರವಾಸ ಹೋಗುತ್ತೇವೆ. ಬೇಕೆನಿಸಿದ್ದು ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಬರುತ್ತದೆ. ಆದರೂ ಯಾವುದರಲ್ಲೂ ಸಂತೋಷ ಕಾಣುತ್ತಿಲ್ಲ. ನನ್ನ ಅಜ್ಜಿ ಮಧ್ಯಾಹ್ನ ಮೂರು ಗಂಟೆಗೆ ಒಂದು ಲೋಟ ಕಾಫಿ ಕುಡಿದು ‘ಅಬ್ಬಾ, ಜೀವ ಬಂತು’ ಎನ್ನುತ್ತಿದ್ದರು. ನಾನು ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುತ್ತೇನೆ, ಒಂದು ದಿನವೂ ಹಾಗೆ ಅನ್ನಿಸಿಲ್ಲ. ನನ್ನಲ್ಲೇ ಏನಾದರೂ ಕೊರತೆಯಿದೆಯೇ?
— ಬೆಂಗಳೂರಿನ ಓದುಗರು

ಉತ್ತರ: ಮಗಳೇ, ಮೊದಲು ಒಂದು ಮಾತು. ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಮಗಳು ಮಾತನಾಡಿಸಿದರೂ ಬೇಡವೆನಿಸುತ್ತಿದ್ದರೆ ನನ್ನ ಉತ್ತರಕ್ಕೆ ಕಾಯಬೇಡ, ವೈದ್ಯರ ಬಳಿ ಹೋಗು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಅದಲ್ಲವಾದರೆ, ನಿನ್ನ ಪತ್ರವನ್ನು ಇನ್ನೊಮ್ಮೆ ಓದಿಕೋ. ಅಜ್ಜಿಯ ಕಾಫಿಗೆ ‘ಮೂರು ಗಂಟೆ’ ಎಂದು ಬರೆದಿದ್ದೀಯೆ. ನಿನ್ನ ಕಾಫಿಗೆ ಹೊತ್ತು ಬರೆದಿಲ್ಲ, ‘ನಾಲ್ಕು ಸಲ’ ಎಂದಷ್ಟೇ ಲೆಕ್ಕ ಕೊಟ್ಟಿದ್ದೀಯೆ. ನನ್ನ ಕಣ್ಣು ನಿಂತದ್ದು ಅಲ್ಲಿ.

ಈಗ ನನ್ನ ಕೈಯಲ್ಲಿರುವ ಅವರೆಕಾಯಿಯ ಮಾತು ಹೇಳುತ್ತೇನೆ. ದೇವರಾಜ ಮಾರುಕಟ್ಟೆಗೆ ಇದನ್ನು ತರುವ ಹೆಂಗಸು ನನಗೆ ಇಪ್ಪತ್ತು ವರ್ಷದ ಪರಿಚಯ. ಹೊಲದ ಅಂಚಿನಲ್ಲಿ, ರಾಗಿಯ ಸಾಲುಗಳ ನಡುವೆ ಬೆಳೆಯುವ ನಾಟಿ ಅವರೆ. ಹಗಲು ಕುಗ್ಗುವವರೆಗೆ ಈ ಗಿಡ ಹೂ ಬಿಡುವುದೇ ಇಲ್ಲ. ಜೂನ್‌ನಲ್ಲಿ ಬಿತ್ತಿದರೂ ಅಷ್ಟೆ, ಆಗಸ್ಟ್‌ನಲ್ಲಿ ಬಿತ್ತಿದರೂ ಅಷ್ಟೆ, ರಾತ್ರಿ ಉದ್ದವಾಗಬೇಕು. ಆಮೇಲೆ ಇಬ್ಬನಿ ಬೀಳಬೇಕು, ಕಾಯಿಯ ಮೈಮೇಲೆ ಸೊಗಡು ಏರಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದವನ್ನು ಲೆಕ್ಕಿಸದೆ ಯಾವ ಕಾಲದಲ್ಲೂ ಕಾಯಿ ಕೊಡುವ ‘ಹೆಬ್ಬಾಳ ಅವರೆ’ ತಳಿಗಳನ್ನು ತಂದಿದ್ದಾರೆ. ರೈತರಿಗೆ ಅದರಿಂದ ಅನುಕೂಲವಾಗಿದೆ, ಒಳ್ಳೆಯದೇ. ಆದರೆ ಬೇಸಿಗೆಯಲ್ಲಿ ತಂದ ಅವರೆಕಾಯಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದ್ದೇನೆ. ಜನವರಿಯ ವಾಸನೆ ಅದಕ್ಕಿಲ್ಲ. ನನಗೂ ಆಗ ಅದರ ಮೇಲೆ ಆಸೆ ಹುಟ್ಟುವುದಿಲ್ಲ. ಹತ್ತು ತಿಂಗಳು ಕಾದ ನಾಲಿಗೆಗೆ ಮಾತ್ರ ಹತ್ತುವ ರುಚಿ ಅದು.

ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತಕಲು ಕುಳಿತರೆ ಒಂದು ಸೇರಿಗೆ ಮುಕ್ಕಾಲು ಗಂಟೆ ಬೇಕು. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳನ್ನಿಟ್ಟು ತುದಿಯಲ್ಲಿ ಮೆಲ್ಲಗೆ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಂಗನೆ ಜಾರುತ್ತದೆ. ಒತ್ತು ಹೆಚ್ಚಾದರೆ ಗೋಡೆಗೆ ಹಾರುತ್ತದೆ. ಐವತ್ತು ಕಾಳಿನವರೆಗೆ ಬೇಸರವೆನಿಸುತ್ತದೆ. ಆಮೇಲೆ ಬೆರಳುಗಳು ತಾವೇ ಲಯ ಹಿಡಿಯುತ್ತವೆ, ಮಾತು ಶುರುವಾಗುತ್ತದೆ. ನಮ್ಮ ಮನೆಯಲ್ಲಿ ನಾದಿನಿಯ ಮದುವೆಯ ಮಾತು, ಅತ್ತೆಯ ತವರಿನ ಕಥೆ, ನಾನು ಯಾರಿಗೂ ಹೇಳದ ಒಂದೆರಡು ಸಂಕಟಗಳು, ಎಲ್ಲ ಹೊರಬಂದದ್ದು ಹಿತಕುವ ಹೊತ್ತಿನಲ್ಲೇ. ಹಿತಕಿದ ಬೇಳೆಯ ಸಾರು ಮೊದಲ ತುತ್ತಿಗೇ ಅಷ್ಟು ರುಚಿ ಏಕೆಂದು ಬಲ್ಲವರನ್ನು ಕೇಳಬೇಕಾಗಿಲ್ಲ. ಅದರಲ್ಲಿ ಬೆಳಗಿನ ಆ ಮುಕ್ಕಾಲು ಗಂಟೆಯೂ ಸೇರಿರುತ್ತದೆ.

ನಿನಗೆ ಹತ್ತು ನಿಮಿಷದಲ್ಲಿ ಎಲ್ಲವೂ ಬರುತ್ತಿದೆ. ದುಡಿಯುವ ಹೆಣ್ಣುಮಗಳಿಗೆ ಅದು ಬೇಕು, ಬಿಡು ಎನ್ನಲಾರೆ. ಆದರೆ ದಿನದಲ್ಲಿ ಒಂದನ್ನಾದರೂ ಕಾದು ಪಡೆಯುವಂತೆ ಮಾಡಿಕೋ. ಕಾಫಿಯಿಂದಲೇ ಶುರುಮಾಡು. ನಾಲ್ಕರಲ್ಲಿ ಎರಡನ್ನು ಬಿಡು. ಉಳಿದ ಎರಡರಲ್ಲಿ ಒಂದನ್ನು, ರಜೆಯ ದಿನವಾದರೂ, ಫಿಲ್ಟರಿನಲ್ಲಿ ನೀನೇ ಹಾಕು. ಮೇಲಿನ ಡಬ್ಬಿಗೆ ಪುಡಿ ಹಾಕಿ, ಬಿಲ್ಲೆಯಿಂದ ಹಗುರವಾಗಿ ಒತ್ತಿ, ಕುದಿಯುವ ನೀರನ್ನು ಸುತ್ತಲೂ ಹರಿಯುವಂತೆ ಸುರಿದು ಮುಚ್ಚಿಡು. ಮುಚ್ಚಳ ತೆಗೆದು ತೆಗೆದು ನೋಡಿದರೆ, ಫಿಲ್ಟರನ್ನು ತಟ್ಟಿದರೆ ಡಿಕಾಕ್ಷನ್ ಬೇಗ ಇಳಿಯುವುದಿಲ್ಲ, ಗಸಿ ಇಳಿಯುತ್ತದೆ ಅಷ್ಟೆ. ಇಪ್ಪತ್ತು ನಿಮಿಷ ಅದು ತನ್ನ ಪಾಡಿಗೆ ತೊಟ್ಟಿಕ್ಕುತ್ತದೆ. ಆ ಇಪ್ಪತ್ತು ನಿಮಿಷ ಮೊಬೈಲನ್ನು ಬೇರೆ ಕೋಣೆಯಲ್ಲಿಡು, ಮನೆಯಲ್ಲಿ ಹಬ್ಬುವ ವಾಸನೆಯ ಜೊತೆ ಸುಮ್ಮನೆ ಇರು. ಹಾಲು ಉಕ್ಕುವ ಗಳಿಗೆಯಲ್ಲಿ ಇಳಿಸಿ, ಬೆರೆಸಿ, ಕುಳಿತು ಕುಡಿ. ಮೊದಲ ದಿನವೇ ‘ಜೀವ ಬಂತು’ ಎನಿಸದಿರಬಹುದು. ಒಂದು ತಿಂಗಳು ಮಾಡಿ ನನಗೆ ಬರೆ.

ಮತ್ತೆ, ಈ ಭಾನುವಾರ ಮಗಳನ್ನು ಅವರೆಕಾಳು ಹಿತಕಲು ಕೂರಿಸು. ಗೋಡೆಗೆ ಹಾರಿದ ಬೇಳೆಗೆ ಗದರಬೇಡ.

ಪ್ರಶ್ನೆ: ಅಕ್ಕಾ, ನಾನು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದವಳು. ಮದ್ದೂರು ತಾಲ್ಲೂಕಿನ ಹಳ್ಳಿಯಿಂದ ಬೆಳಗಿನ ಜಾವ ಹೊರಟರೆ ಮನೆ ಸೇರುವುದು ರಾತ್ರಿ. ಸಂಘದ ಸಾಲ, ಮಕ್ಕಳ ಶುಲ್ಕ, ಅತ್ತೆಯ ಔಷಧಿ. ಪತ್ರಿಕೆಗಳಲ್ಲಿ ‘ಸಣ್ಣಪುಟ್ಟ ಸಂತೋಷಗಳನ್ನು ಸವಿಯಿರಿ’ ಎಂದು ಓದಿದಾಗ ಸಿಟ್ಟು ಬರುತ್ತದೆ. ಇದು ಹೊಟ್ಟೆ ತುಂಬಿದವರ ಮಾತಲ್ಲವೇ?
— ಮದ್ದೂರು ಕಡೆಯ ಓದುಗರು

ಉತ್ತರ: ತಂಗೀ, ನಿನ್ನ ಸಿಟ್ಟು ನ್ಯಾಯವಾದದ್ದು. ಕೂಲಿ ಹೆಚ್ಚಿಸುವುದನ್ನು ಬಿಟ್ಟು ಹೂವಿನ ವಾಸನೆ ನೋಡಿ ತೃಪ್ತಿಪಡು ಎಂದು ಯಾರಾದರೂ ನಿನಗೆ ಹೇಳಿದರೆ ಅದು ಮೋಸ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹಣ ಹಿಂಪಡೆಯುವುದಕ್ಕೆ ಅಡ್ಡಿಯಾದ ಹೊಸ ನಿಯಮದ ವಿರುದ್ಧ ನಿನ್ನಂಥ ಸಾವಿರಾರು ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಿಳಿದಿದ್ದರು. ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಡಬೇಕಾಯಿತು. ಆ ದಿನ ಸುದ್ದಿ ನೋಡುತ್ತಾ ನನ್ನ ಎದೆ ತುಂಬಿ ಬಂದಿತ್ತು. ಇರುವುದರಲ್ಲೇ ತೃಪ್ತಿಪಟ್ಟುಕೊಂಡು ಎಲ್ಲರೂ ಮನೆಯಲ್ಲೇ ಉಳಿದಿದ್ದರೆ ಅದು ಆಗುತ್ತಿರಲಿಲ್ಲ.

ಆದರೆ ನನ್ನ ಅಮ್ಮನ ಮಾತೊಂದನ್ನು ನಿನಗೆ ಹೇಳಲೇಬೇಕು. ಅವಳು ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದಳು. ಮುಂದೆ ಮರದ ಮಣೆ, ಕರಿಯ ಹಿಟ್ಟಿನ ಉಂಡೆ, ಬಿದಿರಿನ ಕಡ್ಡಿಗಳ ಕಂತೆ. ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಗೈ ಒಂದೇ ಸಮನೆ ಮುಂದೆ ಹಿಂದೆ ಉರುಳುತ್ತಿತ್ತು. ಬೆರಳ ಸಂದಿನ ಕಪ್ಪು ಭಾನುವಾರವೂ ಹೋಗುತ್ತಿರಲಿಲ್ಲ. ಊರಿಗೆಲ್ಲ ಪರಿಮಳ ಹಂಚುವ ಕಡ್ಡಿ ಅವಳ ಕೈಯಲ್ಲಿದ್ದಾಗ ಇದ್ದಿಲಿನ ವಾಸನೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಪರಿಮಳ ಸೇರುವುದು ಆಮೇಲೆ, ಬೇರೆಡೆ.

ಬೇಸಿಗೆ ಬಂದರೆ ವಾರಕ್ಕೊಮ್ಮೆ, ಕೂಲಿ ಸಿಕ್ಕ ಸಂಜೆ, ಅವಳು ಒಂದು ಮೊಳ ಮೈಸೂರು ಮಲ್ಲಿಗೆ ಕೊಳ್ಳುತ್ತಿದ್ದಳು. ಸೀಗೆಪುಡಿ ಹಚ್ಚಿ ಕೈ ತೊಳೆದು, ಇನ್ನೂ ಬಿರಿಯದ ಮೊಗ್ಗಿನ ದಂಡೆಯನ್ನು ಮುಡಿದು, ಜಗುಲಿಯ ಮೇಲೆ ಕುಳಿತುಬಿಡುತ್ತಿದ್ದಳು. ಮೊಗ್ಗು ಬಿರಿಯಲು ಕತ್ತಲಾಗಬೇಕು. ಅಷ್ಟು ಹೊತ್ತು ಅವಳನ್ನು ಯಾರೂ ಕರೆಯುವಂತಿರಲಿಲ್ಲ. ನಾನು ಒಮ್ಮೆ, ಆ ದುಡ್ಡಿಗೆ ನನಗೆ ಪೆನ್ಸಿಲ್ ಬರುತ್ತಿತ್ತಲ್ಲಾ ಎಂದೆ. ಅವಳು ಬೈಯಲಿಲ್ಲ. ‘ಇದು ನನ್ನದು ಕಣೇ’ ಎಂದಳು. ಅಷ್ಟೇ ಮಾತು. ಆ ವಯಸ್ಸಿನಲ್ಲಿ ನನಗೆ ಸಿಟ್ಟು ಬಂದಿತ್ತು. ಅವಳ ದಿನದಲ್ಲಿ ಕೂಲಿ ಕೊಡುವವನದೂ ಅಲ್ಲದ, ನಮ್ಮಪ್ಪನದೂ ಅಲ್ಲದ, ನನ್ನದೂ ಅಲ್ಲದ ಹೊತ್ತು ಅದೊಂದೇ ಎಂದು ತಿಳಿಯುವಷ್ಟರಲ್ಲಿ ಅವಳಿರಲಿಲ್ಲ.

ಇದನ್ನು ಬರೆದದ್ದು ನಿನ್ನ ಕಷ್ಟ ಚಿಕ್ಕದೆಂದು ಹೇಳಲು ಅಲ್ಲ. ಸಾಲದ ಕಂತು ಹೂವಿನಿಂದ ತೀರುವುದಿಲ್ಲ. ನಿನ್ನ ಕಾಲು ಗಂಟೆಯನ್ನು ನೀನು ಕೇಳಿ ಪಡೆಯಬೇಕು. ಕೂಲಿಯನ್ನು ಕೇಳುವಂತೆ ಅದನ್ನೂ ಕೇಳು, ಮನೆಯವರ ಹತ್ತಿರವೇ ಕೇಳು. ಭಾನುವಾರ ಸಂಜೆ ಮಕ್ಕಳ ಅಪ್ಪ ಒಲೆ ಹಚ್ಚಲಿ. ಆ ಹೊತ್ತಿನಲ್ಲಿ ನೀನು ಏನು ಮಾಡುತ್ತೀಯೆ ಎಂದು ನಾನು ಹೇಳುವುದಿಲ್ಲ. ಮಲಗುತ್ತೀಯಾದರೆ ಮಲಗು.

ಪ್ರಶ್ನೆ: ಅಕ್ಕನವರೇ, ನನಗೆ 62 ವರ್ಷ, ನಿವೃತ್ತ. ಹೆಂಡತಿ ತೀರಿಕೊಂಡು ಎಂಟು ತಿಂಗಳಾಯಿತು. ಮೊನ್ನೆ ಸ್ನೇಹಿತರು ಒತ್ತಾಯ ಮಾಡಿ ಹೋಟೆಲಿಗೆ ಕರೆದುಕೊಂಡು ಹೋದರು. ಬೆಣ್ಣೆದೋಸೆ ತಿಂದೆ. ರುಚಿಯಾಗಿತ್ತು, ಎರಡನೆಯದನ್ನೂ ಹೇಳಿದೆ. ಮನೆಗೆ ಬಂದಮೇಲೆ ದೊಡ್ಡ ತಪ್ಪು ಮಾಡಿದಂತಾಗಿ ರಾತ್ರಿ ನಿದ್ದೆ ಬರಲಿಲ್ಲ. ಬೆಣ್ಣೆ ಕರಗುವ ಮೊದಲೇ ತಿನ್ನಬೇಕು ಎನ್ನುತ್ತಿದ್ದವಳು ಅವಳು. ಅವಳಿಲ್ಲದೆ ನನಗೆ ರುಚಿ ಹತ್ತಿದ್ದು ಹೇಗೆ?
— ದಾವಣಗೆರೆಯ ಓದುಗರು

ಉತ್ತರ: ನೀವು ನನಗಿಂತ ಒಂಬತ್ತು ವರ್ಷ ಚಿಕ್ಕವರು, ತಮ್ಮ ಎಂದೇ ಕರೆಯುತ್ತೇನೆ. ನನ್ನ ಮನೆ ಇರುವುದು ಮೈಸೂರಿನ ಒಂಟಿಕೊಪ್ಪಲಿನಲ್ಲಿ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಶುರುಮಾಡಿದ್ದು ಇದೇ ಬಡಾವಣೆಯಲ್ಲಿ, ‘ಆಕಾಶವಾಣಿ’ ಎಂಬ ಹೆಸರು ಮೊದಲು ಕೇಳಿಬಂದದ್ದೂ ಮೈಸೂರಿನಿಂದಲೇ. ನಮ್ಮವರು ಮನೆಗೆ ಬಂದವರಿಗೆಲ್ಲ ತಪ್ಪದೆ ಇದನ್ನು ಹೇಳುತ್ತಿದ್ದರು. ಬೆಳಿಗ್ಗೆ ಗಡ್ಡಕ್ಕೆ ಸಾಬೂನಿನ ನೊರೆ ಹಚ್ಚಿಕೊಂಡು ರೇಡಿಯೊದ ಮುಂದೆ ನಿಂತರೆ ನೊರೆ ಒಣಗಿದರೂ ಎಚ್ಚರವಿರುತ್ತಿರಲಿಲ್ಲ. ಅವರು ಹೋದಮೇಲೆ ರೇಡಿಯೊಗೆ ಒಂದು ಬಟ್ಟೆ ಹೊದಿಸಿಬಿಟ್ಟೆ.

ಹನ್ನೊಂದು ತಿಂಗಳ ನಂತರ ಒಂದು ಮಳೆಯ ಸಂಜೆ ವಿದ್ಯುತ್ ಹೋಗಿತ್ತು. ಹೊರಗಿನ ಸುದ್ದಿ ತಿಳಿಯಲು ಬಟ್ಟೆ ತೆಗೆದು, ಸೆಲ್ ಹಾಕಿ ಹಚ್ಚಿದೆ. ವಾರ್ತೆ ಮುಗಿದು ಒಂದು ಭಾವಗೀತೆ ಬಂತು. ಹುರುಳಿಕಾಯಿ ಹೆಚ್ಚುತ್ತಿದ್ದವಳು ಗುನುಗತೊಡಗಿದ್ದೆ. ಅರಿವಾದೊಡನೆ ಚಾಕು ಕೆಳಗಿಟ್ಟು ಅತ್ತೆ. ನೀವು ಪಟ್ಟ ಸಂಕಟವೇ ಅದು. ಆಮೇಲೆ ಒಂದು ಸಂಗತಿ ಹೊಳೆಯಿತು. ಆ ಹಾಡಿನ ಎರಡನೆಯ ಸಾಲನ್ನು ನಮ್ಮವರು ಯಾವಾಗಲೂ ತಪ್ಪಾಗಿಯೇ ಹಾಡುತ್ತಿದ್ದರು. ನಾನೂ ಅದೇ ತಪ್ಪಿನೊಂದಿಗೆ ಗುನುಗಿದ್ದೆ.

ತಮ್ಮಾ, ಬೆಣ್ಣೆ ಕರಗುವ ಮೊದಲೇ ತಿನ್ನಬೇಕೆಂಬುದು ನಿಮಗೆ ಯಾರು ಕಲಿಸಿದ್ದು ಎಂದು ನೀವೇ ಬರೆದಿದ್ದೀರಿ. ಎರಡನೆಯ ದೋಸೆಯನ್ನು ನೀವು ಅವರನ್ನು ಮರೆತು ತಿಂದಿರೆಂದು ನನಗೆ ಅನ್ನಿಸುವುದಿಲ್ಲ. ಮತ್ತೆ ಹೋಗಿ. ಕಣ್ಣಲ್ಲಿ ನೀರು ಬಂದರೆ ಬರಲಿ, ನಿಮ್ಮೂರಿನ ಚಟ್ನಿ ಖಾರವಾಗಿರುತ್ತದೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದು ಒಬ್ಬರೇ ತಿನ್ನಬೇಡಿ. ಪಕ್ಕದ ಮನೆಯವರನ್ನು ಕರೆದು, ಕಾಗದ ಹರಡಿ, ನಿಮ್ಮ ಹೆಂಡತಿಯ ಮಾತು ತೆಗೆಯಿರಿ.

ಪ್ರಶ್ನೆ: ಅಜ್ಜೀ, ನಾನು ಕಲಬುರಗಿ ಜಿಲ್ಲೆಯವನು, ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೇನೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಎಲ್ಲರೊಂದಿಗೆ ಉಣ್ಣಲೆಂದೇ ರಾತ್ರಿಯೆಲ್ಲ ಪ್ರಯಾಣ ಮಾಡಿ ಊರಿಗೆ ಹೋಗಿ ಬಂದೆ. ಒಂದು ಹೊತ್ತಿನ ಊಟಕ್ಕೆ ಎರಡು ದಿನದ ಓದು ಹಾಳುಮಾಡಿಕೊಂಡೆ ಎಂದು ಗೆಳೆಯರು ಹೇಳುತ್ತಾರೆ. ಹೌದೇ?
— ಮೈಸೂರಿನ ವಿದ್ಯಾರ್ಥಿ

ಉತ್ತರ: ಇಲ್ಲ ಕಂದಾ. ಎರಡು ದಿನದ ಓದನ್ನು ಈ ವಾರ ಬೆಳಗಿನ ಜಾವ ಎದ್ದು ಮುಗಿಸಿಕೋ. ಎಳ್ಳಮಾವಾಸ್ಯೆ ಮತ್ತೆ ಬರಬೇಕಾದರೆ ಜೋಳ ಇನ್ನೊಮ್ಮೆ ತೆನೆಗಟ್ಟಬೇಕು.

ನಮ್ಮ ಕಡೆ ಈ ಹಬ್ಬ ಇಷ್ಟು ಜೋರಿಲ್ಲ. ಸಜ್ಜೆ ರೊಟ್ಟಿಯನ್ನು ತಿಂದಿದ್ದೇನೆ, ಆದರೆ ಆ ದಿನಕ್ಕೆಂದು ನಿಮ್ಮಲ್ಲಿ ಮಾಡುವ ಭಜ್ಜಿಯನ್ನು ನಾನು ರುಚಿ ನೋಡಿಲ್ಲ. ಅದಕ್ಕೆ ಯಾವ ಯಾವ ಕಾಳು, ಯಾವ ಸೊಪ್ಪು ಹಾಕುತ್ತಾರೆ, ಯಾವುದು ಮೊದಲು ಬೇಯಬೇಕು ಎಂದು ನಿನ್ನ ಅವ್ವನನ್ನು ಕೇಳಿ ನನಗೆ ಬರೆದು ಕಳಿಸು. ಅವರೆಕಾಳು ಬೀಳುವುದಾದರೆ ಬೇಗ ಬರೆ. ಇಲ್ಲಿ ಸೊಗಡು ಇನ್ನು ಎರಡು ಮೂರು ವಾರ ಸಿಕ್ಕೀತು.