ಜ್ವರಕ್ಕೆ ಸತ್ತವರ ಹೆಸರೂ ಅಲ್ಲೇ ಇರಲಿ

ಓದುಗರ ಪತ್ರದ ಸಾರ: ತಾಯಿಯನ್ನು ನೋಡಿಕೊಳ್ಳಲು ಹಳೆಯ ಆಸ್ಪತ್ರೆಯೊಂದರಲ್ಲಿ ಒಂದು ವಾರ ಇದ್ದೆ. ಕಾರಿಡಾರಿನಲ್ಲಿ ಒಂದು ಹಿತ್ತಾಳೆ ಫಲಕ. ಮೊದಲ ಮಹಾಯುದ್ಧದಲ್ಲಿ ತೀರಿಕೊಂಡ, ಅದೇ ಆಸ್ಪತ್ರೆಯ ನರ್ಸ್‌ಗಳ ಹೆಸರುಗಳು. ವಿಚಾರಿಸಿದರೆ ಹೆಚ್ಚಿನವರು ಸತ್ತದ್ದು ಕಾಯಿಲೆಯಿಂದ. ಇವರನ್ನು ಯುದ್ಧದಲ್ಲಿ ಮಡಿದವರು ಅನ್ನುವುದು ಸರಿಯೇ? ರೋಗಿಗಳು ಓಡಾಡುವ ಕಡೆ ಸತ್ತವರ ಪಟ್ಟಿ ಯಾಕೆ? ಹೇಗೂ ರಿಪೇರಿಗೆ ಅಂತ ಗೋಡೆಯಿಂದ ಇಳಿಸುತ್ತಾರಂತೆ, ಊರಿನ ಯುದ್ಧ ಸ್ಮಾರಕದ ಹತ್ತಿರ ಹಾಕಿದರೆ ಆಗದೇ?

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಮೊದಲು ಸ್ವಲ್ಪ ಸಿಟ್ಟು ಬಂತು. ಆಮೇಲೆ, ಇದೇ ಪ್ರಶ್ನೆ ಒಂದು ಕಾಲದಲ್ಲಿ ನನಗೂ ಬಂದಿತ್ತಲ್ವಾ ಅಂತ ನೆನಪಾಯಿತು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬೇಜಾರಾಗಬೇಡಿ.

ಮೊದಲು ಕಾಯಿಲೆಯ ಮಾತು. ನರ್ಸ್ ಕೈಗೆ ಯಾರೂ ಬಂದೂಕು ಕೊಡಲಿಲ್ಲ. ಅವರ ಮುಂದೆ ತಂದು ಮಲಗಿಸಿದ್ದು ತಿಂಗಳುಗಟ್ಟಲೆ ಸ್ನಾನವಿಲ್ಲದ, ಬಟ್ಟೆಯ ಹೊಲಿಗೆಯಲ್ಲೆಲ್ಲ ಹೇನು ತುಂಬಿದ ಸೈನಿಕರನ್ನು. 1915ರಲ್ಲಿ ಸೆರ್ಬಿಯಾದಲ್ಲಿ ಟೈಫಸ್ ಹಬ್ಬಿತು. ಅದು ಹೇನಿನಿಂದ ಹರಡುವ ಜ್ವರ. ರೋಗಿಯ ಬಟ್ಟೆ ಬಿಚ್ಚಿ, ಮೈ ಒರೆಸಿ, ಹಾಸಿಗೆ ಬದಲಿಸುವವರನ್ನು ಅದು ಬಿಡುತ್ತದೆಯೇ? ಗ್ಲಾಸ್ಗೋದ ಲೂಯಿಸಾ ಜೋರ್ಡನ್ ಅಲ್ಲಿಗೆ ಹೋದ ನರ್ಸ್. ಟೈಫಸ್ ಹಿಡಿದ ವೈದ್ಯೆಯೊಬ್ಬರ ಆರೈಕೆಗೆ ತಾವಾಗಿ ಮುಂದೆ ಬಂದರು. ಆ ವೈದ್ಯೆ ಉಳಿಯಲಿಲ್ಲ. ಕೆಲವೇ ವಾರಗಳಲ್ಲಿ, 1915ರ ಮಾರ್ಚ್ 6ರಂದು, ಲೂಯಿಸಾ ಕೂಡ ಹೋದರು. ಇದನ್ನು ಸುಮ್ನೆ ‘ಜ್ವರ ಬಂದು ಸತ್ತರು’ ಅಂತ ಬರೆದುಬಿಡೋಣವೇ? ಸೈನಿಕನಿಗೆ ಗುಂಡು ಬಂದ ದಿಕ್ಕಿನಿಂದಲೇ ಇವರಿಗೆ ಹೇನು ಬಂತು, ಅಷ್ಟೇ ವ್ಯತ್ಯಾಸ.

105 ವರ್ಷದ ನಂತರ, 2020ರಲ್ಲಿ, ಕೋವಿಡ್‌ಗೆಂದು ಗ್ಲಾಸ್ಗೋದಲ್ಲಿ ಒಂದು ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಅದಕ್ಕೆ ಇಟ್ಟ ಹೆಸರು ಲೂಯಿಸಾ ಜೋರ್ಡನ್. ಅಂಟುರೋಗದಿಂದ ಸತ್ತವರ ಹೆಸರು, ಅಂಟುರೋಗದ ಆಸ್ಪತ್ರೆಗೆ! ರೋಗಿಗಳು ಹೆದರುತ್ತಾರೆ, ಅಪಶಕುನ ಅಂದುಕೊಂಡಿದ್ದರೆ ಆ ಹೆಸರು ಇಡುತ್ತಿದ್ದರೇ?

ಹಾಗಂತ ಗುಂಡು, ಶೆಲ್ಲುಗಳು ನರ್ಸ್‌ಗಳನ್ನು ಬಿಟ್ಟಿದ್ದವು ಅಂತಲ್ಲ. 1917ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಯುದ್ಧರಂಗದ ಆಸ್ಪತ್ರೆಯೊಂದರ ಮೇಲೆ ಶೆಲ್ ಬಿದ್ದು ನೆಲ್ಲಿ ಸ್ಪಿಂಡ್ಲರ್ ಸತ್ತರು. ಅವರನ್ನು ಮಣ್ಣು ಮಾಡಿದ ಕಡೆ 10,000ಕ್ಕೂ ಜಾಸ್ತಿ ಗಂಡಸರ ಸಮಾಧಿಗಳಿವೆ, ಹೆಂಗಸಿನದು ಅದೊಂದೇ.

ಇನ್ನು ನಿಮ್ಮ ಪತ್ರದ ಮುಖ್ಯ ಪ್ರಶ್ನೆ: ಯಾಕೆ ಆಸ್ಪತ್ರೆಯಲ್ಲೇ? ಇದಕ್ಕೆ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಆಸ್ಪತ್ರೆಯ ಕತೆ ಹೇಳಬೇಕು. 1915ರ ಅಕ್ಟೋಬರ್ 23ರಂದು ‘ಮಾರ್ಕ್ವೆಟ್’ ಅನ್ನುವ ಹಡಗು ಏಜಿಯನ್ ಸಮುದ್ರದಲ್ಲಿ ಟಾರ್ಪೆಡೊ ತಗುಲಿ ಮುಳುಗಿತು. ಅದು ಕೆಂಪು ಶಿಲುಬೆ ಬಳಿದ ಬಿಳಿ ಆಸ್ಪತ್ರೆ ಹಡಗಲ್ಲ. ಸೈನಿಕರನ್ನೂ ಮದ್ದುಗುಂಡನ್ನೂ ತುಂಬಿದ್ದ ಹಡಗು. ಅದರಲ್ಲೇ ನರ್ಸ್‌ಗಳನ್ನೂ ಹತ್ತಿಸಿದ್ದರು. ಯಾರ ತಲೆಗೆ ಹೊಳೆಯಿತೋ ಈ ಏರ್ಪಾಡು, ಇವತ್ತಿಗೂ ನನಗೆ ಅರಗುವುದಿಲ್ಲ. ನ್ಯೂಜಿಲೆಂಡಿನ 10 ನರ್ಸ್‌ಗಳು ಸತ್ತರು. ಅವರಲ್ಲಿ ಮೂವರು ಕ್ರೈಸ್ಟ್‌ಚರ್ಚ್ ಆಸ್ಪತ್ರೆಯ ನಂಟಿನವರು. 1927ರಲ್ಲಿ ಆ ಆಸ್ಪತ್ರೆಯ ಆವರಣದಲ್ಲೇ ನರ್ಸ್‌ಗಳ ನೆನಪಿಗೆ ಒಂದು ಪುಟ್ಟ ಪ್ರಾರ್ಥನಾ ಮಂದಿರ ಎದ್ದಿತು. ಅಲ್ಲಿ ಸ್ಮರಿಸುವುದು ಸಮುದ್ರದಲ್ಲಿ ಸತ್ತವರನ್ನು ಮಾತ್ರ ಅಲ್ಲ, 1918ರ ಇನ್‌ಫ್ಲುಯೆಂಜಾಗೆ ಬಲಿಯಾದ ನರ್ಸ್‌ಗಳನ್ನೂ. ಹಡಗಿನ ಸಾವು ಬೇರೆ, ವಾರ್ಡಿನ ಸಾವು ಬೇರೆ ಅಂತ ಅವರ ಜೊತೆ ಕೆಲಸ ಮಾಡಿದವರು ಲೆಕ್ಕ ಹಾಕಲಿಲ್ಲ ನೋಡಿ. ಆ ಕಟ್ಟಡವನ್ನು ಕೆಡವುವ ಮಾತೂ ಒಮ್ಮೆ ಬಂದಿತ್ತು. ಆಮೇಲೆ ಭೂಕಂಪದಲ್ಲಿ ಏಟು ತಿಂದು ವರ್ಷಗಟ್ಟಲೆ ಬಾಗಿಲು ಹಾಕಿತ್ತು. 2018ರಲ್ಲಿ ಮತ್ತೆ ತೆರೆದರು.

ಸ್ಮಾರಕ ಆಸ್ಪತ್ರೆ ಬಿಟ್ಟು ಚೌಕಕ್ಕೆ ಬಂದರೆ ಏನಾಗುತ್ತದೆ ಅಂತಲೂ ಹೇಳುತ್ತೇನೆ. ಎಡಿತ್ ಕ್ಯಾವೆಲ್ ಹೆಸರು ಕೇಳಿರುತ್ತೀರಿ. ಬ್ರಸೆಲ್ಸ್‌ನಲ್ಲಿ 1915ರಲ್ಲಿ ಜರ್ಮನ್ನರು ಗುಂಡಿಟ್ಟು ಕೊಂದ ನರ್ಸ್. ಲಂಡನ್ನಿನ ಟ್ರಫಾಲ್ಗರ್ ಚೌಕದ ಹತ್ತಿರ 1920ರಲ್ಲಿ ಅವರ ದೊಡ್ಡ ಸ್ಮಾರಕ ನಿಂತಿತು, ಮೇಲೆ ‘ರಾಜನಿಗಾಗಿ, ದೇಶಕ್ಕಾಗಿ’ ಅಂತ ಕೆತ್ತಿದರು. ಆದರೆ ಸಾಯುವ ಮುನ್ನ ಅವರು ಹೇಳಿದ್ದು ‘ದೇಶಪ್ರೇಮವೊಂದೇ ಸಾಲದು’ ಅಂತ! ಆ ಮಾತು ಕಲ್ಲಿನ ಮೇಲೆ ಬರಲು 1924 ಆಗಬೇಕಾಯಿತು. ಚೌಕದಲ್ಲಿ ನಿಂತ ಮೇಲೆ ನರ್ಸ್ ಸ್ವಲ್ಪ ಹಿಂದಕ್ಕೆ ಸರಿಯುತ್ತಾರೆ, ದೇಶ ಮುಂದೆ ಬಂದು ನಿಲ್ಲುತ್ತದೆ. ಆಸ್ಪತ್ರೆ ಗೋಡೆಯ ಫಲಕಕ್ಕೆ ಈ ತಾಪತ್ರಯ ಕಡಿಮೆ. ವಿಯೆಟ್ನಾಂನಲ್ಲಿ 1969ರಲ್ಲಿ ರಾಕೆಟ್ ದಾಳಿಗೆ ಸತ್ತ ಅಮೆರಿಕದ ನರ್ಸ್ ಶರಾನ್ ಲೇನ್ ಅವರ ಪ್ರತಿಮೆ ಇರುವುದು ಒಹಾಯೊದ ಆಲ್ಟ್‌ಮನ್ ಆಸ್ಪತ್ರೆಯ ಮುಂದೆ, ಅವರು ನರ್ಸಿಂಗ್ ಕಲಿತ ಜಾಗದಲ್ಲಿ.

ನಾನೂ ಇಂಥದ್ದೊಂದು ಫಲಕದ ಕೆಳಗೆ ಎಕ್ಸ್‌-ರೇ ರಿಪೋರ್ಟಿಗೆ ಕಾಯುತ್ತಾ ಅರ್ಧ ಗಂಟೆ ಕೂತಿದ್ದೆ. ಸ್ಟ್ರೆಚರ್ ತಾಗಿ ತಾಗಿ ಒಂದು ಮೂಲೆ ಒಳಕ್ಕೆ ಬಗ್ಗಿತ್ತು. ಅಕ್ಷರಗಳ ಸಂದಿಯಲ್ಲಿ ಪಾಲಿಶ್ ಒಣಗಿ ಬೆಳ್ಳಗೆ ಕೂತಿತ್ತು, ಉಜ್ಜಿ ಉಜ್ಜಿ ಕೆಲವು ಹೆಸರು ಸವೆದೇ ಹೋಗಿದ್ದವು. ಅಂದರೆ ಇಷ್ಟು ವರ್ಷ ಯಾರೋ ಉಜ್ಜುತ್ತಲೇ ಇದ್ದಾರೆ. ಶಿಫ್ಟ್ ಮುಗಿಸಿ ಹೊರಟ ಹುಡುಗಿಯೊಬ್ಬಳು ಅದರ ಪಕ್ಕದ ಗೋಡೆಗೆ ಒರಗಿ ಶೂ ದಾರ ಬಿಗಿದುಕೊಂಡು ಹೋದಳು. ತಲೆ ಎತ್ತಿ ಓದಲಿಲ್ಲ. ಪರವಾಗಿಲ್ಲ ಅನ್ನಿಸಿತು.

ನಿಮ್ಮ ಮಾತಿನಲ್ಲಿ ನನಗೆ ನಿಜಕ್ಕೂ ದಿಗಿಲು ಹುಟ್ಟಿಸಿದ್ದು ‘ರಿಪೇರಿಗೆ ಇಳಿಸುತ್ತಾರಂತೆ’ ಅನ್ನುವುದು. ಇಳಿಸಿದ ಫಲಕ ಸ್ಟೋರ್ ರೂಮಿನಲ್ಲಿ ಮುರಿದ ಮಂಚಗಳ ಹಿಂದೆ ಸೇರಿದರೆ ಆಮೇಲೆ ಹುಡುಕುವವರು ಯಾರು? ನಿಮಗೆ ಹೇಗೂ ಅಲ್ಲಿಗೆ ಹೋಗಿಬರುವುದು ಇದೆ. ಇಳಿಸುವ ಮೊದಲೇ ಒಂದು ಫೋಟೊ ತೆಗೆದುಬಿಡಿ, ನೇರವಾಗಿ ಅಲ್ಲ, ಪಕ್ಕದಿಂದ ಬೆಳಕು ಬೀಳುವ ಹಾಗೆ. ಸವೆದ ಅಕ್ಷರ ಆಗಲೇ ಕಾಣುವುದು. ಹೆಸರುಗಳನ್ನು ಕೈಯಲ್ಲೂ ಬರೆದುಕೊಳ್ಳಿ. ಮತ್ತೆ ಯಾವಾಗ, ಯಾವ ಗೋಡೆಗೆ ಹಾಕುತ್ತೀರಿ ಅಂತ ಆಡಳಿತದವರಿಂದ ಬರವಣಿಗೆಯಲ್ಲಿ ಕೇಳಿ. ಫೋಟೊ ನಮಗೂ ಕಳಿಸಿ, ಹೆಸರುಗಳನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ತಾಯಿ ಈಗ ಹೇಗಿದ್ದಾರೆ ಅಂತ ನೀವು ಬರೆಯಲೇ ಇಲ್ಲ, ಅದನ್ನೂ ತಿಳಿಸಿ.