ಎಲ್ಲವನ್ನೂ ಪುಣೆಯಲ್ಲೇ ಕೊಳ್ಳಬೇಡಿ

ನವೆಂಬರ್‌ನಲ್ಲಿ ಭಾವನ ಜೊತೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಬೇಟೆಗೆ ಹೋಗುತ್ತೇನೆ, ಬಟ್ಟೆಯೆಲ್ಲ ಪುಣೆಯಲ್ಲೇ ಕೊಳ್ಳಲಾ ಅಂತ ಕೇಳಿದ್ದೀರಲ್ಲ. ಥರ್ಮಲ್, ಫ್ಲೀಸ್ ಇಲ್ಲೇ ತಗೊಳ್ಳಿ. ಮೆರಿನೋ ಉಣ್ಣೆ ಸಿಕ್ಕರೆ ಒಳ್ಳೇದು, ದುಬಾರಿ ಅನ್ನಿಸಿದರೆ ಪಾಲಿಯೆಸ್ಟರ್ ಸಾಕು. ಲಕ್ಷ್ಮೀ ರಸ್ತೆಯಲ್ಲಿ ಹತ್ತಿಯದ್ದು ತೋರಿಸಿದರೆ ಬೇಡವೇ ಬೇಡ ಅನ್ನಿ. ಪುಣೆಯ ಚಳಿಗೇನೋ ಅದು ಸರಿ. ಅಲ್ಲಿ ಬೆವರು ಹೀರಿಕೊಂಡು ಒದ್ದೆಯಾಗೇ ಇರುತ್ತದೆ, ಕೂತ ಮೇಲೆ ನಡುಕ ಹತ್ತುತ್ತದೆ.

ಈ ಬೇಟೆಯಲ್ಲಿ ನಡೆಯೋದಕ್ಕಿಂತ ಅಲುಗಾಡದೆ ಕೂರೋದೇ ಜಾಸ್ತಿ. ಹಾಗಾಗಿ ದಪ್ಪ ಜಾಕೆಟ್ಟನ್ನು ಬ್ಯಾಗಿನಲ್ಲಿ ಹೊತ್ತೊಯ್ದು, ಕೂತ ಮೇಲೆ ಹಾಕಿಕೊಳ್ಳಿ. ಕೊಳ್ಳುವಾಗ ತೋಳನ್ನು ಮೈಗೆ ಉಜ್ಜಿ ನೋಡಿ. ಸರಸರ ಸದ್ದು ನಿಮಗೆ ಕೇಳಿದರೆ ಜಿಂಕೆಗೂ ಕೇಳುತ್ತದೆ, ಬಿಟ್ಟುಬಿಡಿ.

ಬೂಟು ಅಲ್ಲೇ ಕೊಳ್ಳಿ. ದಪ್ಪ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ, ಬೆರಳು ಆಡಿಸಲು ಜಾಗ ಇರಬೇಕು. ಬಿಗಿಯಾದರೆ ರಕ್ತ ಓಡಾಡದೆ ಕಾಲು ಮರಗಟ್ಟುತ್ತದೆ.

ಮಿಲಿಟರಿ ಬಣ್ಣದ್ದೇ ಬೇಕು ಅಂತ ಸುಮ್ನೆ ಅಲೆಯಬೇಡಿ. ಅಲ್ಲಿ ಬಂದೂಕಿನ ಸೀಸನ್‌ನಲ್ಲಿ ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಕನಿಷ್ಠ 50% ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಲೇಬೇಕು, ಅದು ಕಾನೂನು. ಟೋಪಿಗೂ ಅಷ್ಟೇ. ಭಾವನ ಹತ್ತಿರ ಹೆಚ್ಚಿಗೆ ವೆಸ್ಟ್ ಇದೆಯಾ, ಮೊದಲೇ ಕೇಳಿ.